ಮೂರನೆಯ ಸಾಲಿನ ಉಸಿರು

ಕಳೆದ ಭಾನುವಾರ ಸಂಜೆ, ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಜಗಲಿಯಲ್ಲಿ ಕುಮಾರವ್ಯಾಸ ಭಾರತದ ಗದಾಪರ್ವವನ್ನು ಓದಿ ಮುಗಿಸಿ ಮಂಗಳ ಹಾಡಿದೆವು. 2021ರ ಜೂನ್‌ನಲ್ಲಿ ಆರಂಭವಾದ ಈ ಓದು ಹತ್ತೂ ಪರ್ವಗಳನ್ನು ದಾಟಲು ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅದಕ್ಕೆ ಒದಗಿಬಂದವರಿಗೆ ಎಲ್ಲರೆದುರು ಕೃತಜ್ಞತೆ ಸಲ್ಲಿಸಬೇಕೆಂದು ಈ ಬರಹ.

ಕೊರೊನಾದ ಎರಡನೆಯ ಅಲೆಯಲ್ಲಿ ಅಮ್ಮ 17 ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದಾಗ, ನಾಲ್ಕು ಮಾತು ಆಡುವಷ್ಟರಲ್ಲಿ ಅವಳಿಗೆ ಏದುಸಿರು ಬರುತ್ತಿತ್ತು. ಫೋನು ತೆರೆದರೆ ಸಾವಿನ ಸುದ್ದಿ. ಟಿವಿ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜ ಮಳೆಗಾಲದ ರಾತ್ರಿಗಳಲ್ಲಿ ಭಾರತ ಓದುತ್ತಿದ್ದುದನ್ನು ನೆನೆದು, ಅದನ್ನೇ ಓದೆಂದು ಅಮ್ಮ ಕೇಳಿದಳು. ಗ್ರಂಥಾಲಯಕ್ಕೆ ಬೀಗ ಬಿದ್ದಿದ್ದ ಆ ದಿನಗಳಲ್ಲಿ, ನಮ್ಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದು ನಮ್ಮ ಗೇಟಿನ ಪಕ್ಕದ ಕಲ್ಲಿನ ಮೇಲಿಟ್ಟು, ದೂರದಿಂದಲೇ ಕೂಗಿ ಹೇಳಿ ಹೋದರು. ಅಲ್ಪ ಗೌರವಧನಕ್ಕೆ ದುಡಿಯುತ್ತಿದ್ದ ಅವರು ಮಾಡಲೇಬೇಕಿದ್ದ ಕೆಲಸವೇನೂ ಅದಾಗಿರಲಿಲ್ಲ.

ವಿರಾಟಪರ್ವದಿಂದ ಆರಂಭಿಸಿದೆವು. ಮಳೆ ಬಾರದಿದ್ದರೆ ಅದನ್ನು ಓದಿಸುವ ವಾಡಿಕೆ ನಮ್ಮಲ್ಲಿದೆ; ಹೊರಗೆ ಜಡಿಮಳೆ ಸುರಿಯುತ್ತಿದ್ದುದರಿಂದ ಅಮ್ಮನಿಗೆ ಅದೊಂದು ತಮಾಷೆಯಾಯಿತು. ಹೆಂಗಳೆಯರ ಮುಂದೆ ಉತ್ತರಕುಮಾರ ಕೊಚ್ಚಿಕೊಳ್ಳುವ ಭಾಗ ಬಂದಾಗ ಅವಳು ಕಾಯಿಲೆ ಬಿದ್ದ ಮೇಲೆ ಮೊದಲ ಸಲ ನಕ್ಕಳು. ನಗು ಕೆಮ್ಮಾಗಿ ತಿರುಗಿ ನಾವು ಗಾಬರಿಯಾದದ್ದು ಬೇರೆ ಮಾತು.

ಈ ಕಾವ್ಯವಿರುವುದು ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ; ಉಚ್ಚಾರಣೆಯ ಕಾಲವನ್ನು ಅಳೆಯುವ ಮಾತ್ರೆಗಳ ಲೆಕ್ಕದಲ್ಲಿ ಅದರ ನಾಲ್ಕು ಸಾಲುಗಳಿಗೆ ತಲಾ 14 ಮಾತ್ರೆಗಳಾದರೆ, ಮೂರು ಮತ್ತು ಆರನೆಯ ಸಾಲುಗಳಿಗೆ ತಲಾ 23 ಮಾತ್ರೆಗಳು. ಬಾಯಿಪಾಠವಿದ್ದ ಪದ್ಯಗಳನ್ನು ಅಮ್ಮ ನನ್ನೊಡನೆ ಹೇಳಲು ಯತ್ನಿಸುತ್ತಿದ್ದಳು. ಮೊದಲೆರಡು ಸಾಲು ಹೇಗೋ ಸಾಗಿ, ಮೂರನೆಯದರ ನಡುವೆ ಉಸಿರು ಕಡಿದು, ಉಳಿದುದನ್ನು ನಾನು ಮುಗಿಸುವವರೆಗೆ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು. ಆಗಸ್ಟ್ ತಿಂಗಳ ಒಂದು ಸಂಜೆ ಆ ಸಾಲು ಅವಳ ಬಾಯಲ್ಲಿ ಪೂರ್ತಿಯಾಯಿತು. ಕಾವ್ಯದಿಂದ ಶ್ವಾಸಕೋಶ ವಾಸಿಯಾಯಿತೆಂದು ನಾನು ಹೇಳುತ್ತಿಲ್ಲ. ಆ ಋಣ ವೈದ್ಯರದು, ರಾತ್ರಿಯಿಡೀ ಪಕ್ಕದಲ್ಲಿದ್ದ ದಾದಿಯರದು. ಆದರೆ ನಾಳೆ ಏನಾದೀತೋ ಎಂಬ ದಿಗಿಲಿನ ನಡುವೆ, ನಾಳೆ ಎಲ್ಲಿಂದ ಓದಬೇಕೆಂಬುದಾದರೂ ನಮಗೆ ಗೊತ್ತಿರುತ್ತಿತ್ತು.

ನಾನು ತಪ್ಪಾಗಿ ಪದ ಒಡೆದಾಗಲೆಲ್ಲ ಫೋನಿನಲ್ಲಿಯೇ ತಿದ್ದಿ, ಅರ್ಥ ಬಿಡಿಸಿ ಹೇಳಿದ, ಕಾವ್ಯವನ್ನು ರಾಗವಾಗಿ ವಾಚಿಸುವ ಹಿರಿಯ ಗಮಕಿಗಳಿಗೆ ನಮಸ್ಕಾರಗಳು. ಗಮಕಕ್ಕೆ ಹೆಸರಾದ ಹೊಸಹಳ್ಳಿ ನಮ್ಮ ಜಿಲ್ಲೆಯಲ್ಲೇ ಇದ್ದರೂ, ಆ ವಿದ್ಯೆಯ ಬೆಲೆ ನನಗೆ ತಿಳಿದದ್ದು ಅವರಿಂದ. ದ್ರೋಣಪರ್ವದಲ್ಲಿ ಅಭಿಮನ್ಯುವಿನ ವಧೆಯ ಹೊತ್ತಿಗೆ ನೆರೆಮನೆಯ ಹುಡುಗನೊಬ್ಬ ತೀರಿಕೊಂಡು, ಮುಂದೆ ಓದಲಾಗದೆ ನಾವು ಪುಸ್ತಕ ಮುಚ್ಚಿಟ್ಟೆವು. ತಿಂಗಳ ನಂತರ ಆ ಹುಡುಗನ ತಾಯಿಯೇ ಜಗಲಿಗೆ ಬಂದು ಕುಳಿತು, ಓದಿ ಎಂದರು. ಅವರಿಗೆ ಯಾವ ಮಾತಿನಲ್ಲಿ ಧನ್ಯವಾದ ಹೇಳಲಿ?

ಇನ್ನೊಬ್ಬರಿದ್ದಾರೆ. ಆ ಹಳೆಯ ಪ್ರತಿಯ ಪುಟಪುಟದಲ್ಲೂ ಯಾರೋ ಪೆನ್ಸಿಲಿನಿಂದ ಸಣ್ಣ ಗೀಟೆಳೆದು ಸಂಧಿಗಳನ್ನು ಬಿಡಿಸಿಟ್ಟಿದ್ದರು. ಗ್ರಂಥಾಲಯದ ಪುಸ್ತಕದಲ್ಲಿ ಗೀಚಬಾರದೆಂಬ ನಿಯಮ ಸರಿಯೇ ಇದ್ದರೂ, ಆ ಅಜ್ಞಾತ ಓದುಗರಿಗೆ ನಾನು ಋಣಿ.

ಪುಸ್ತಕ ಹಿಂದಿರುಗಿಸಲು ಹೊರಟಾಗ, ಬರುವಾಗ ಜೈಮಿನಿ ಭಾರತ ತರಬೇಕೆಂದು ಅಮ್ಮ ಹೇಳಿದಳು. ಅದು ವಾರ್ಧಕ ಷಟ್ಪದಿ, ಸಾಲು ಇನ್ನೂ ಉದ್ದವೆಂದು ನೆನಪಿಸಿದೆ.

"ಗೊತ್ತು ಮಾರಾಯ, ತಗೊಂಡು ಬಾ" ಎಂದಳು.