ಶುಕ್ರವಾರ ಹೆಸರುಕಾಳು ಬೇಯಿಸು, ಗೆಳತಿಯರನ್ನೂ ಕೂರಿಸಿಕೋ

ಪುಟ್ಟಿ,

ನಿನ್ನ ಮೆಸೇಜ್ ಎರಡೆರಡು ಸಲ ಓದಿದೆ. ಮೈಸೂರಿನ ಆ ಬಾಡಿಗೆ ಮನೆಯಲ್ಲಿ ಮೂವರಿದ್ದೂ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಪಾರ್ಸೆಲ್ ತರಿಸಿಕೊಂಡು, ಮೊಬೈಲ್ ನೋಡಿಕೊಂಡು ತಿನ್ನುತ್ತೀವಿ ಅಂತ ಬರೆದಿದ್ದೀಯ. ಇಲ್ಲಿನ ಹುಳಿ ಸಾರು ಸಿನಿಗಾಂಗ್ ನೆನಪಾಗುತ್ತೆ ಅಂತಲೂ ಬರೆದಿದ್ದೀಯ. ಸಿನಿಗಾಂಗ್ ಮಾಡೋದು ಹೇಳಿಕೊಡುತ್ತೇನೆ, ಕಷ್ಟವೇನಿಲ್ಲ. ಆದರೆ ನಿನಗೊಬ್ಬಳಿಗೇ ಅಂತ ಮಾಡಬೇಡ. ಫಿಲಿಪೈನ್ಸ್‌ನ ಈ ಲಾಸ್ ಬಾನ್ಯೊಸ್‌ನಲ್ಲಿ ಬೆಳೆದವಳು ನೀನು. ಇಲ್ಲಿ ಯಾರಾದರೂ ಎದುರಿಗಿದ್ದವರನ್ನು ಕರೆಯದೆ ಊಟಕ್ಕೆ ಕೂತದ್ದು ನೋಡಿದ್ದೀಯಾ?

ಅಪ್ಪನಿಗೆ ಇಲ್ಲಿನ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದಾಗ ನನಗೆ ಅನ್ನದ ಚಿಂತೆ ಇರಲಿಲ್ಲ. 1966ರಲ್ಲಿ ಹೆಚ್ಚು ಇಳುವರಿಯ ಐಆರ್ 8 ಭತ್ತದ ತಳಿ ಹೊರಬಂದ ಸಂಸ್ಥೆ ಅದು, ಮೂರು ಹೊತ್ತೂ ಅನ್ನ ಉಣ್ಣುವ ಜನ ಇವರು. ಗುರುತು ಪರಿಚಯ ಇಲ್ಲದ ಊರು ಅನ್ನೋದೇ ದೊಡ್ಡ ಚಿಂತೆ. ಸಾಮಾನು ಇಳಿಸುತ್ತಿದ್ದಾಗಲೇ ಪಕ್ಕದ ಮನೆ ಟೀಟಾ, ಅಂದರೆ ಆಂಟಿ, ಗೇಟಿನ ಹತ್ತಿರ ಬಂದು "ಕಾಯಿನ್ ತಾಯೊ" ಅಂದರು, ಬನ್ನಿ ಊಟ ಮಾಡೋಣ ಅಂತ. ಶುಕ್ರವಾರ ಅದು. ಶುಕ್ರವಾರ ಮಾಂಸ ಬಿಡುವ ಕ್ಯಾಥೊಲಿಕ್ ಪದ್ಧತಿಯಿಂದ ಬಂದ ರೂಢಿ, ಎಷ್ಟೋ ಮನೆಗಳಲ್ಲಿ ಆವತ್ತು ಮುಂಗೊ, ಅಂದರೆ ಹೆಸರುಕಾಳಿನ ಸಾರು, ಮಾಡುತ್ತಾರೆ. ಹೆಸರುಕಾಳು ಕರಗುವಷ್ಟು ಬೆಂದಿತ್ತು. ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ ಹುರಿದು ಹಾಕಿದ್ದರು, ಒಣ ಸಿಗಡಿ ಬಿದ್ದಿತ್ತು, ಮೇಲೆ ಒಂದು ದೊಡ್ಡ ಹಿಡಿ ನುಗ್ಗೆಸೊಪ್ಪು. ಕುಂದಾಪುರದ ಅಜ್ಜಿಯ ಅಡುಗೆಮನೆಯಲ್ಲಿ ಇರುವ ಸಾಮಾನೇ ಎಲ್ಲ! ಬಟ್ಟಲು ಖಾಲಿ ಆಗುವ ಮೊದಲೇ ಇನ್ನೊಂದು ಸೌಟು ಬಡಿಸಿದರು. ಹೊರಡುವಾಗ ಉಳಿದದ್ದನ್ನು ಡಬ್ಬಿಗೆ ತುಂಬಿ ಅಪ್ಪನ ಕೈಗೆ ಕೊಟ್ಟರು. ಈ ಊರಿನಲ್ಲಿ ನಾನು ಧೈರ್ಯವಾಗಿ ನಿಂತದ್ದು ಅಂಥ ಡಬ್ಬಿಗಳಿಂದಲೇ.

ಸಿನಿಗಾಂಗ್ ಕೇಳಿದೆಯಲ್ಲ, ಬರೆದುಕೋ. ಅಕ್ಕಿ ತೊಳೆದ ಮೊದಲ ನೀರು ಚೆಲ್ಲು, ಎರಡನೇ ನೀರು ಇಟ್ಟುಕೋ. ಅದರಲ್ಲಿ ಈರುಳ್ಳಿ, ಟೊಮೆಟೊ, ಕೆಸುವಿನ ಗಡ್ಡೆ ಬೇಯಲಿ. ಗಡ್ಡೆ ಸ್ವಲ್ಪ ಕರಗಿದರೇನೇ ಸಾರಿಗೆ ಮೈ ಬರೋದು. ಆಮೇಲೆ ಮೂಲಂಗಿ, ಅಲಸಂದೆ ಕಾಯಿ, ಬೆಂಡೆಕಾಯಿ, ಸೀಳದ ಎರಡು ಹಸಿಮೆಣಸಿನಕಾಯಿ. ತರಕಾರಿ ಬೆಂದಮೇಲೆ ಹುಣಸೆರಸ ಹಾಕು, ಬಾಯಿ ಚುರ್ ಅನ್ನುವಷ್ಟು ಹುಳಿ ಬೇಕು, ನಮ್ಮ ಸಾರಿನ ಅಳತೆ ಇಲ್ಲಿ ಸಾಲದು. ಸಿಗಡಿ ಹಾಕೋದು ಕೊನೆಗೆ, ಜಾಸ್ತಿ ಬೆಂದರೆ ರಬ್ಬರ್ ಆಗುತ್ತದೆ. ಇಲ್ಲಿ ಬಾಂಗುಸ್ ಮೀನಿನಲ್ಲೂ ಮಾಡುತ್ತಾರೆ, ಅದು ನಮ್ಮ ಕಡೆಯ ಹೂಮೀನು, ಮೈಸೂರಿನಲ್ಲಿ ಸಿಕ್ಕರೆ ಬಿಡಬೇಡ. ಇಲ್ಲಿ ಹಾಕುವ ಕಾಂಕೊಂಗ್ ಸೊಪ್ಪಿನ ಬದಲು ಪಾಲಕ್ ಸಾಕು, ಅದನ್ನು ಒಲೆ ಆರಿಸಿದ ಮೇಲೆ ಹಾಕು. ಅರಿಶಿನ ಬೇಡ, ಸಾರಿನ ಪುಡಿಯಂತೂ ಬೇಡವೇ ಬೇಡ. ಪ್ರತಿಯೊಬ್ಬರ ಹತ್ತಿರ ಒಂದು ಪುಟ್ಟ ಬಟ್ಟಲಲ್ಲಿ ನಿಂಬೆರಸ, ಉಪ್ಪು, ಜಜ್ಜಿದ ಮೆಣಸಿನಕಾಯಿ ಇಡು. ಇಲ್ಲಿನ ಪುಟ್ಟ ನಿಂಬೆ ಕಲಮಾನ್ಸಿ, ಮೀನಿನ ಸಾಸ್ ಪಾತಿಸ್ ಇಲ್ಲದೆಯೂ ನಡೆಯುತ್ತದೆ. ಅಡುಗೆ ಮಾಡಿದವರು ಏನೇ ಮಾಡಿದ್ದರೂ ತನ್ನ ಬಾಯಿಗೆ ಬೇಕಾದ ಹುಳಿ ಖಾರ ಉಣ್ಣುವವರೇ ಸರಿಮಾಡಿಕೊಳ್ಳುವ ಈ ಕ್ರಮ ನನಗೆ ತುಂಬಾ ಇಷ್ಟ, ಯಾರಿಗೂ ಬೇಜಾರಿಲ್ಲ ಅಲ್ವಾ.

ಹೊರಗೆ ತಿನ್ನೋದು ಬೇಡ ಅಂತ ನಾನು ಹೇಳುತ್ತಿಲ್ಲ. ಸ್ಕೂಲು ಬಿಟ್ಟಮೇಲೆ ಗ್ರೋವ್ ಬೀದಿಯ ಕರಿಂದೆರಿಯಾಗೆ, ಆ ಸಣ್ಣ ಊಟದ ಅಂಗಡಿಗೆ, ನಿಮ್ಮ ಗುಂಪು ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು, ಖುಷಿಯೂ ಆಗುತ್ತಿತ್ತು. ಸಾಲಾಗಿ ಇಟ್ಟ ಪಾತ್ರೆಗಳ ಮುಚ್ಚಳ ತೆಗೆದು ನೋಡಿ, ಇದು ಇದು ಅಂತ ಬೆರಳು ತೋರಿಸಿ, ಒಬ್ಬರು ಅಡೋಬೊ, ಒಬ್ಬರು ಪಿನಕ್ಬೆಟ್, ಒಬ್ಬರು ಲುಂಪಿಯಾ ತಗೊಂಡು ಎಲ್ಲ ಮಧ್ಯಕ್ಕಿಟ್ಟು ತಿನ್ನುತ್ತಿದ್ದಿರಿ. ಕೊನೇ ಲುಂಪಿಯಾ ಯಾರೂ ಮುಟ್ಟದೆ, ನೀನು ತಗೋ ನೀನು ತಗೋ ಅಂತ ತಟ್ಟೆಯಲ್ಲೇ ಉಳಿಯುತ್ತಿತ್ತು. ದುಡ್ಡು ಅವರವರದ್ದು, ಹುಟ್ಟುಹಬ್ಬ ಯಾರದ್ದೋ ಅವತ್ತು ಮಾತ್ರ ಅವರೇ ಎಲ್ಲರಿಗೂ ಕೊಡಿಸಬೇಕು. ಅಲ್ಲಿ ಮೈಸೂರಿನಲ್ಲೂ ಹಾಗೇ ಹೋಗಿ, ಒಟ್ಟಿಗೆ ಹೋಗಿ.

ಇಲ್ಲಿನ ಫಾಸ್ಟ್‌ಫುಡ್ ಹೋಟೆಲ್ ಜಾಲಿಬಿಯ ಸಿಹಿ ಸ್ಪಗೆಟಿಗೆ ನೀನು ಪ್ರಾಣ ಬಿಡುತ್ತಿದ್ದೆಯಲ್ಲ, ಅದೇ ಥರ ಮನೆಯಲ್ಲಿ ಮಾಡುವಾಗ ಇವರು ಬಾಳೆಹಣ್ಣಿನ ಕೆಚಪ್ ಸುರಿಯುತ್ತಾರೆ. ಆ ಕೆಚಪ್ ಹಿಂದೆ ಮರಿಯಾ ಒರೋಸಾ ಅನ್ನುವ ಹೆಣ್ಣುಮಗಳಿದ್ದಾರೆ. ಅಮೆರಿಕದಲ್ಲಿ ಓದಿ ಬಂದು, ಟೊಮೆಟೊ ಸಾಲದ ದೇಶದಲ್ಲಿ ಬಾಳೆಹಣ್ಣಿನಿಂದ ಕೆಚಪ್ ಮಾಡಿದವರು. ಯುದ್ಧದ ಕಾಲದಲ್ಲಿ ಜಪಾನೀಯರ ಸೆರೆಯಲ್ಲಿದ್ದವರಿಗೆ ಸೋಯಾ ಪುಡಿ ಮಾಡಿ ಗುಟ್ಟಾಗಿ ಕಳಿಸಿದವರೂ ಅವರೇ. 1945ರ ಫೆಬ್ರವರಿಯಲ್ಲಿ ಮನಿಲಾದ ಕಾಳಗದಲ್ಲಿ ತೀರಿಕೊಂಡರು. ಫುಡ್ ಟೆಕ್ನಾಲಜಿ ಓದುತ್ತಿರುವ ನಿನಗೆ ಈ ಹೆಸರು ಗೊತ್ತಿರಬೇಕು.

ಈ ಶುಕ್ರವಾರ ಮುಂಗೊ ಇಂದಲೇ ಶುರು ಮಾಡು, ಅದು ಸಿನಿಗಾಂಗ್‌ಗಿಂತ ಸುಲಭ. ದೇವರಾಜ ಮಾರುಕಟ್ಟೆಯಲ್ಲಿ ಎಳೆ ನುಗ್ಗೆಸೊಪ್ಪು ನೋಡಿ ತಗೋ. ಒಬ್ಬಳು ಮಾಂಸ ಮೀನು ತಿನ್ನುವುದಿಲ್ಲ ಅಂದಿದ್ದೆ, ಅವಳಿದ್ದಾಗ ಒಣ ಸಿಗಡಿ ಬಿಡು, ಬೆಳ್ಳುಳ್ಳಿ ಜಾಸ್ತಿ ಮಾಡಿ ಚೆನ್ನಾಗಿ ಕೆಂಪಗೆ ಹುರಿ. ಮೂವರಿಗೂ ಬಿಡುವು ಯಾವ ಹೊತ್ತು ಅಂತ ಮೊದಲು ಕೇಳಿಕೋ, ಆಮೇಲೆ ಕಾಳು ತೊಳಿ. ಮನೆಯಲ್ಲಿ ಕುಕ್ಕರ್ ಇಲ್ಲದಿದ್ದರೆ ಹೇಳು, ಇವತ್ತೇ ದುಡ್ಡು ಹಾಕುತ್ತೇನೆ.

ನಿನ್ನ
ಅಮ್ಮ