ಆನ್‌ಲೈನ್ ಬ್ಲಿಟ್ಜ್‌ನಲ್ಲಿ ಒಳ್ಳೆಯ ಆಟಗಾರರು ಸೋಲುವುದೇಕೆ?

ಮಾನ್ಯ ಸಂಪಾದಕರೇ,

ತುಮಕೂರು ನಗರವಷ್ಟೇ ಅಲ್ಲದೆ ತಿಪಟೂರು, ಗುಬ್ಬಿ, ಮಧುಗಿರಿಗಳಲ್ಲೂ ಮಕ್ಕಳು ಆಸಕ್ತಿಯಿಂದ ಚೆಸ್ ಕಲಿಯುತ್ತಿರುವುದು ಸಂತೋಷದ ಸಂಗತಿ. ಆದರೆ ಎದುರುಬದುರು ಕುಳಿತು ಗಂಟೆಗಟ್ಟಲೆ ಆಡುವ ಪಂದ್ಯಗಳಲ್ಲಿ ಒಳ್ಳೆಯ ರೇಟಿಂಗ್ ಗಳಿಸಿರುವವರೇ ಬ್ಲಿಟ್ಜ್‌ನಲ್ಲಿ, ಅಂದರೆ ಇಡೀ ಆಟಕ್ಕೆ ಒಬ್ಬೊಬ್ಬರಿಗೂ ಮೂರೇ ನಿಮಿಷ ಸಿಗುವಂಥ ಆನ್‌ಲೈನ್ ಆಟದಲ್ಲಿ, ತಮಗಿಂತ ದುರ್ಬಲರಿಗೆ ಸೋಲುತ್ತಾರೆ; ಅದನ್ನು ಕಂಡ ಪೋಷಕರು ಮಗುವಿನ ಆಟವೇ ಕೆಟ್ಟಿತೆಂದು ಗಾಬರಿಗೊಂಡು ಹೊಸ ಓಪನಿಂಗ್ (ಆಟದ ಆರಂಭದ ನಡೆಗಳ) ಕೋರ್ಸ್‌ಗಳಿಗೆ ದುಡ್ಡು ಸುರಿಯುತ್ತಾರೆ. ಆ ದುಡ್ಡಿನ ಬಹುಪಾಲು ದಂಡವೆಂಬುದು ಇಲ್ಲಿ ತರಬೇತಿ ನೀಡುತ್ತಿರುವ ನನ್ನ ಅಭಿಪ್ರಾಯ.

ನಿಧಾನದ ಆಟ ಮತ್ತು ವೇಗದ ಆಟದ ಸಾಮರ್ಥ್ಯಗಳು ಬೇರೆ ಬೇರೆ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಕೂಡ 2012ರಿಂದ ರ‍್ಯಾಪಿಡ್ (ಬ್ಲಿಟ್ಜ್‌ಗಿಂತ ಹೆಚ್ಚು ಸಮಯವಿರುವ ವೇಗದ ಆಟ) ಮತ್ತು ಬ್ಲಿಟ್ಜ್‌ಗೆ ಪ್ರತ್ಯೇಕ ರೇಟಿಂಗ್ ನೀಡುತ್ತಿದೆ. 2024ರಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದಾಗ ಗುಕೇಶ್ ಅವರ ಬ್ಲಿಟ್ಜ್ ರೇಟಿಂಗ್ ಅವರ ಕ್ಲಾಸಿಕಲ್ (ನಿಧಾನದ ಆಟದ) ರೇಟಿಂಗ್‌ಗಿಂತ ಸಾಕಷ್ಟು ಕಡಿಮೆಯಿತ್ತು. ವೇಗವೆಂದರೆ ಚಿಕ್ಕ ವಯಸ್ಸಿನ ಸೊತ್ತು ಎನ್ನುವವರು, ವಿಶ್ವನಾಥನ್ ಆನಂದ್ 2017ರ ಡಿಸೆಂಬರ್‌ನಲ್ಲಿ ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ ಪ್ರಶಸ್ತಿ ಗೆದ್ದಾಗ ಅವರಿಗೆ 48 ವರ್ಷವಾಗಿತ್ತು ಎಂಬುದನ್ನು ನೆನೆಯಬೇಕು.

ಮೂರು ನಿಮಿಷದಲ್ಲಿ ಅರವತ್ತು ನಡೆ ಆಡಬೇಕಾದರೆ ಒಂದು ನಡೆಗೆ ಸಿಗುವುದು ಸರಾಸರಿ ಮೂರೇ ಸೆಕೆಂಡ್. ಬಲವಾದ ಆಟಗಾರರು ಎಡವುವುದು ಇಲ್ಲಿಯೇ. ಏಕೆಂದರೆ ಅವರಿಗೆ ಪ್ರತಿ ಸ್ಥಿತಿಯಲ್ಲೂ ಒಂದಕ್ಕಿಂತ ಹೆಚ್ಚು ಒಳ್ಳೆಯ ನಡೆಗಳು ಕಾಣುತ್ತವೆ, ಅವುಗಳಲ್ಲಿ ಅತ್ಯುತ್ತಮವಾದುದನ್ನು ಆರಿಸದೆ ಮನಸ್ಸು ಒಪ್ಪುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಇಟಾಲಿಯನ್ ಓಪನಿಂಗ್‌ನಲ್ಲಿ ಪದಾತಿಯನ್ನು ಸಿ3 ಮನೆಗೆ ನಡೆಸುವುದು ಮೊದಲೋ ಡಿ3 ಮನೆಗೆ ನಡೆಸುವುದು ಮೊದಲೋ ಎಂದು ಯೋಚಿಸುತ್ತಾ ಅರ್ಧ ನಿಮಿಷ ಕಳೆದಳು. ಎರಡೂ ಒಳ್ಳೆಯ ನಡೆಗಳೇ, ಯಾವುದನ್ನು ಮೊದಲು ಆಡಿದರೂ ಆಟ ಬಹುತೇಕ ಅದೇ ಸ್ಥಿತಿಗೆ ಬರುತ್ತಿತ್ತು. ಕೊನೆಗೆ ಒಂದು ಆನೆ ಹೆಚ್ಚಿದ್ದೂ ಆಕೆ ಸಮಯ ಮುಗಿದು ಸೋತಳು. ಪಂದ್ಯದ ನಂತರ ಪ್ರತಿ ನಡೆಗೆ ಎಷ್ಟು ಸಮಯ ಹಿಡಿಯಿತೆಂಬುದನ್ನು ಜಾಲತಾಣವೇ ತೋರಿಸುತ್ತದೆ. ಎಂಜಿನ್ (ನಡೆಗಳನ್ನು ಪರಿಶೀಲಿಸುವ ತಂತ್ರಾಂಶ) ಹೇಳುವ ತಪ್ಪುಗಳನ್ನು ಎಣಿಸುವ ಮೊದಲು ಆ ಪಟ್ಟಿಯನ್ನು ನೋಡಿ, ಹತ್ತು ಸೆಕೆಂಡ್‌ಗಿಂತ ಹೆಚ್ಚು ಹಿಡಿದ ನಡೆಗಳಲ್ಲಿ ಯಾವುದಕ್ಕೆ ನಿಜಕ್ಕೂ ಅಷ್ಟು ಸಮಯ ಬೇಕಿತ್ತು ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ.

ಓಪನಿಂಗ್‌ಗಳ ವಿಷಯದಲ್ಲಿ ನನ್ನ ಸಲಹೆ ಸಣ್ಣದು: ಬಿಳಿಯಲ್ಲಿ ಒಂದು, ಕಪ್ಪಿನಲ್ಲಿ ಎರಡು, ಅಷ್ಟು ಸಾಕು.

ಪ್ರಿಮೂವ್, ಅಂದರೆ ಎದುರಾಳಿ ಆಡುವ ಮೊದಲೇ ನಮ್ಮ ನಡೆಯನ್ನು ದಾಖಲಿಸಿಡುವ ಸೌಲಭ್ಯ, ಎದುರುಬದುರು ಆಡಿ ಬೆಳೆದವರಿಗೆ ಮೋಸದಂತೆ ಕಾಣುತ್ತದೆ. ಅದು ಆನ್‌ಲೈನ್ ಆಟದ ನಿಯಮದೊಳಗೇ ಇದೆ. ಲಿಚೆಸ್ ಜಾಲತಾಣದಲ್ಲಿ ಇದಕ್ಕೆ ಸಮಯವೇ ಖರ್ಚಾಗುವುದಿಲ್ಲ, ಚೆಸ್ ಡಾಟ್ ಕಾಮ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಕಳೆಯುತ್ತದೆ. ಕಾಯಿಗೆ ಕಾಯಿ ಹೊಡೆಯುವ ಕಡೆ, ಅಂದರೆ ನಮ್ಮ ಕಾಯಿಯನ್ನು ಹೊಡೆದ ಎದುರಾಳಿಯ ಕಾಯಿಯನ್ನು ಅದೇ ಮನೆಯಲ್ಲಿ ಮರಳಿ ಹೊಡೆಯುವಾಗ, ಇದನ್ನು ಹೆಚ್ಚು ಹೆದರಿಕೆಯಿಲ್ಲದೆ ಬಳಸಬಹುದು. ನಮ್ಮ ಕಾಯಿಯನ್ನು ಎದುರಾಳಿ ಹೊಡೆಯದಿದ್ದರೆ ಆ ಮನೆಯಲ್ಲಿ ನಮ್ಮದೇ ಕಾಯಿ ಇರುವುದರಿಂದ ನಾವು ದಾಖಲಿಸಿದ ನಡೆ ತಾನಾಗಿಯೇ ರದ್ದಾಗುತ್ತದೆ. ಉಳಿದ ಕಡೆ, ಮುಖ್ಯವಾಗಿ ರಾಣಿಗಳು ಇನ್ನೂ ಹಲಗೆಯ ಮೇಲಿರುವಾಗ, ಪ್ರಿಮೂವ್ ಮಾಡುವುದು ಕಾಯಿಯನ್ನು ದಾನ ಕೊಟ್ಟಂತೆ.

ಅಂತ್ಯದಾಟವನ್ನು ಕೈಗೆ ಅಭ್ಯಾಸವಾಗುವಷ್ಟು ಕಲಿಯಬೇಕು. ಆನೆ ಮತ್ತು ಪದಾತಿಯ ಅಂತ್ಯದಾಟದಲ್ಲಿ ಲುಸೆನಾ (ಗೆಲ್ಲುವ ವಿಧಾನ) ಹಾಗೂ ಫಿಲಿಡೋರ್ (ಡ್ರಾ ಮಾಡಿಕೊಳ್ಳುವ ವಿಧಾನ) ಎಂಬ ಸ್ಥಿತಿಗಳನ್ನು ಹತ್ತು ಸೆಕೆಂಡ್ ಉಳಿದಾಗಲೂ ತಡವರಿಸದೆ ಆಡುವವರು ಎಷ್ಟೋ ಅಂಕಗಳನ್ನು ಉಳಿಸಿಕೊಳ್ಳುತ್ತಾರೆ. ಗೆಲ್ಲಲು ಸಮಯವಿಲ್ಲವೆಂದು ತಿಳಿದಾಗ ಎದುರಾಳಿಯ ಕೊನೆಯ ಪದಾತಿಯನ್ನು ಹೊಡೆದು ಅವರನ್ನು ಬರೀ ರಾಜನ ಸ್ಥಿತಿಗೆ ತಂದರೆ, ಆಮೇಲೆ ನಮ್ಮ ಸಮಯ ಮುಗಿದರೂ ಪಂದ್ಯ ಡ್ರಾ ಆಗುತ್ತದೆ. ಇದು ತಿಳಿಯದೆ ಚೆಕ್‌ಮೇಟ್ ಮಾಡಲು ಓಡಿ ಸೋತವರನ್ನು ಕಂಡಿದ್ದೇನೆ.

ಮೊಬೈಲ್‌ಗಿಂತ ಮೌಸ್‌ನಲ್ಲಿ ಆಡುವುದು ಮೇಲು, ಪದಾತಿ ತಾನಾಗಿಯೇ ರಾಣಿಯಾಗುವಂತೆ ಸೆಟ್ಟಿಂಗ್ ಮಾಡಿಕೊಂಡರೆ ಕೊನೆಯ ಗಳಿಗೆಯಲ್ಲಿ ಅನುಕೂಲ. ನೆಟ್‌ವರ್ಕ್ ಸರಿಯಿಲ್ಲವೆಂಬ ದೂರು ಕೆಲವೊಮ್ಮೆ ನಿಜ, ಹಲವು ಬಾರಿ ನೆಲ ಡೊಂಕು ಎಂದ ಹಾಗೆ. ಸತತ ಎರಡು ಆಟ ಸೋತ ಕೂಡಲೇ ರೇಟಿಂಗ್ ಮರಳಿ ಪಡೆಯುವ ಹಠದಲ್ಲಿ ನಡುರಾತ್ರಿಯವರೆಗೆ ಆಡುವುದಂತೂ ಅಭ್ಯಾಸವೆನಿಸದು. ಅದನ್ನು ತಡೆಯುವ ಕೆಲಸ ಪೋಷಕರದು.

ಜಿಲ್ಲೆಯಲ್ಲಿ ಆನ್‌ಲೈನ್ ಟೂರ್ನಿ ನಡೆಸುವವರಲ್ಲಿ ಒಂದು ವಿನಂತಿ. ಬರೀ ಮೂರು ನಿಮಿಷದ ಬದಲು, ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್‌ನಲ್ಲಿ ಇರುವಂತೆ, ಮೂರು ನಿಮಿಷದ ಜೊತೆಗೆ ಪ್ರತಿ ನಡೆಗೆ ಎರಡು ಸೆಕೆಂಡ್ ಸೇರಿಸುವ ಕ್ರಮವನ್ನು ಅನುಸರಿಸಬೇಕು. ಆಗ ಅರವತ್ತು ನಡೆಗಳ ಆಟಕ್ಕೆ ಐದು ನಿಮಿಷ ಸಿಗುತ್ತದೆ, ಗೆಲ್ಲುವ ಸ್ಥಿತಿಯಲ್ಲಿರುವವರಿಗೆ ಗೆಲ್ಲಲು ಅವಕಾಶವಿರುತ್ತದೆ. ಸಮಯದ ನಿಯಮ ಯಾವುದು, ಆಟ ಯಾವ ಜಾಲತಾಣದಲ್ಲಿ ಎಂಬುದನ್ನು ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸುವ ಬದಲು ಪ್ರಕಟಣೆಯಲ್ಲಿಯೇ ಮುದ್ರಿಸಿದರೆ ಮಕ್ಕಳು ಅದಕ್ಕೆ ತಕ್ಕಂತೆ ತಯಾರಾಗಿ ಬರುತ್ತಾರೆ.

ಇಂತಿ,
ಒಬ್ಬ ಚೆಸ್ ತರಬೇತುದಾರ, ತುಮಕೂರು