ಬಾಗಿದ ಪಿನ್ ನೆಟ್ಟಗೆ ಮಾಡಿಕೊಟ್ಟ ಅಣ್ಣನಿಗೆ

ನನ್ನ ಹಳೇ ಥಿಂಕ್‌ಪ್ಯಾಡ್ ಟಿ60 ಲ್ಯಾಪ್‌ಟಾಪ್‌ನಲ್ಲಿ 32 ಬಿಟ್‌ನ ಕೋರ್ ಡ್ಯುಯೋ ಪ್ರೊಸೆಸರ್ ಚಿಪ್ ಇತ್ತು. ಅದರ ಜಾಗಕ್ಕೆ 64 ಬಿಟ್‌ನ ಕೋರ್ 2 ಡ್ಯುಯೋ ಟಿ7200 ತರಿಸಿದ್ದೆ. ಚಿಪ್ ಕೂರುವ ಸಾಕೆಟ್ ಎರಡಕ್ಕೂ ಒಂದೇ. ಆದರೆ ಬಂದ ಚಿಪ್‌ನ ಮೂಲೆಯ ಪಿನ್ನೊಂದು ಬಾಗಿತ್ತು. ಮುರಿದರೆ ಕಥೆ ಮುಗೀತು, ಅಲ್ವಾ? ಮುಟ್ಟೋಕೇ ಭಯ.

ರಿಪೇರಿ ಕೌಂಟರಿನಲ್ಲಿದ್ದ ನೀವು ಸುಮ್ನೆ ಭೂತಗನ್ನಡಿ ಹತ್ತಿರ ಎಳೆದುಕೊಂಡಿರಿ. ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್‌ನ ತುದಿಯನ್ನು ಪಿನ್ನಿಗೆ ತೊಡಿಸಿ, ಚೂರೇ ಚೂರು ಎತ್ತಿ, ನೋಡಿ, ಮತ್ತೆ ಎತ್ತಿದಿರಿ. ಹಿಂದೆ ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ.

ಚಿಪ್ಪನ್ನು ಸಾಕೆಟ್ಟಿಗೆ ಇಡುವಾಗ "ಒತ್ತಬೇಡಿ, ಅದಾಗೇ ಕೂರಬೇಕು" ಅಂದಿರಿ. ಕೂತಿತು. ಸಾಕೆಟ್ಟಿನ ಸ್ಕ್ರೂ ತಿರುಗಿಸುವುದು, ಚಿಪ್‌ನ ಬಿಸಿ ಸಾಗಿಸುವ ಹೊಸ ಪೇಸ್ಟ್ ಹಚ್ಚುವುದು ನನ್ನ ಕೈಯಲ್ಲೇ ಮಾಡಿಸಿದಿರಿ. ಲ್ಯಾಪ್‌ಟಾಪ್ ಶುರುವಾಗುವಾಗಿನ ಬಯಾಸ್ ಪರದೆಯಲ್ಲಿ ಟಿ7200 ಅಂತ ಕಂಡಾಗ ಹೋದ ಜೀವ ಬಂದಂತಾಯಿತು. ದುಡ್ಡು ಬೇಡವೆಂದು ಮುಂದಿನವರನ್ನು ಕರೆದುಬಿಟ್ಟಿರಿ, ಹೆಸರು ಕೇಳಲೂ ಆಗಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ.